ಗಾಳಿಯಲ್ಲಿ ಬಂದ ಹಾಡು

“ಕೇಬಲ್ ಮಾತು ಎತ್ತಬೇಡ ಅಂದ್ನಲ್ಲ! ಹಾಡೆಲ್ಲ ಗಾಳೀಲೇ ನಿನ್ನ ಫೋನಿಗೆ ಬರತ್ತೆ,” ಎಂದು ಗಂಡ ರೇಗಿದ. ಬೆಳಗಿನಿಂದ ಅವನು ತನ್ನ ಲಿನಕ್ಸ್ ಲ್ಯಾಪ್‌ಟಾಪ್ ಬಿಟ್ಟು ಎದ್ದಿರಲಿಲ್ಲ. ಡ್ಯಾನ್ಸ್ ಟೀಚರ್ ಆಗಿದ್ದ ಹೆಂಡತಿಗೆ ತಲೆ ಚಿಟ್ಟು ಹಿಡಿದಿತ್ತು. ಕ್ಲಾಸಿಗೆ ಮಕ್ಕಳು ಬರುವ ಹೊತ್ತು, ಫೋನಿನಲ್ಲಿ ಇನ್ನೂ ಒಂದು ಹಾಡೂ ಇಲ್ಲ.

ಅವನು ಸ್ನಾನಕ್ಕೆ ಹೋದದ್ದೇ ತಡ, ಅವಳು ಕೇಬಲ್ ಚುಚ್ಚಿ ಹಾಡುಗಳನ್ನೆಲ್ಲ ಫೋನಿಗೆ ಇಳಿಸಿಕೊಂಡಳು. ಕೇಬಲನ್ನು ಕೈಚೀಲಕ್ಕೆ ತುರುಕಿದಳು.

ಒದ್ದೆ ತಲೆಯಲ್ಲೇ ಬಂದವನು ಇನ್ನೊಮ್ಮೆ ಏನೋ ಒತ್ತಿ, ಅವಳ ಫೋನ್ ನೋಡಿದ. “ಬಂತು ಕಣೇ! ಎಲ್ಲಾ ಬಂತು!” ಎಂದು ಕುಣಿದೇಬಿಟ್ಟ. ಆ ಮುಖ ನೋಡಿ ಅವಳು ಕೈಚೀಲವನ್ನು ಬೆನ್ನ ಹಿಂದೆ ಸರಿಸಿದಳು.

“ನಾಳೆ ನಿಮ್ಮಮ್ಮನ ಮನೆಗೆ ಹೋಗಿ ಅವ್ರ ಫೋನಿಗೂ ಹೀಗೇ ಮಾಡ್ಕೊಡ್ತೀನಿ. ಈಗ್ಲೇ ಹೇಳ್ಬಿಡು ಅವ್ರಿಗೆ.”

ಅವಳು ಕೈಚೀಲದ ಜಿಪ್ ಎಳೆದಳು. ಈ ಹಾಳು ಕೇಬಲನ್ನು ಇನ್ನು ತವರಿಗೂ ಹೊರಬೇಕು.