ಮಾರಪ್ಪನವರ ಕಣ್ಣು

ಗಂಡ ಮಾರಪ್ಪನವರ ತಿಥಿ ಮುಗಿಸಿ ಭದ್ರಾವತಿಯ ಕಾಗದನಗರದಿಂದ ಬಸ್ಸು ಹತ್ತಿದ ದುರ್ಗಮ್ಮ, ಅವರಿವರನ್ನು ಕೇಳಿಕೊಂಡು ಶಿವಮೊಗ್ಗದ ಸವಳಂಗ ರಸ್ತೆಯ ಕಣ್ಣಿನ ಸಂಶೋಧನಾ ಕೇಂದ್ರಕ್ಕೆ ಬಂದರು. "ನಮ್ಮ ಮನೆಯವ್ರ ಕಣ್ಣು ಹಾಕಿಸ್ಕೊಂಡವ್ರನ್ನ ಒಂದ್ಸಲ ನೋಡ್ಬೇಕಿತ್ತಮ್ಮ," ಎಂದರು ಅಲ್ಲಿನ ಸಂಶೋಧಕಿ ಅಕ್ಷರಾಗೆ. "ದೂರದಿಂದ ಆದ್ರೂ ಸಾಕು."

ಮಾರಪ್ಪನವರ ಕಣ್ಣನ್ನು ಯಾರಿಗೂ ಹಾಕಿರಲಿಲ್ಲ. ಅವರಿಗಿದ್ದದ್ದು ಗ್ಲಾಕೋಮಾ; ಕಣ್ಣೊಳಗಿನ ನೀರು ಹೊರಹೋಗುವ ದಾರಿ ಕಟ್ಟಿ, ಒತ್ತಡ ಏರಿ, ದೃಷ್ಟಿ ಹೋಗಿತ್ತು. ಸಂಶೋಧನೆಗೆಂದೇ ಮನೆಯವರು ಒಪ್ಪಿಗೆ ಕೊಟ್ಟಿದ್ದರು. ಅದಕ್ಕಾಗಿ ಓಡಾಡಿದ್ದ ಅಳಿಯ ಯೋಗರಾಜ್ ಅತ್ತೆಗೆ ಅದನ್ನು ಬಿಡಿಸಿ ಹೇಳಿರಲಿಲ್ಲವೆಂದು ಕಾಣುತ್ತದೆ. ಕಣ್ಣು ಪಡೆದವರ ಹೆಸರು ಹೇಳುವ ಹಾಗಿಲ್ಲ, ನಿಯಮ ಎಂದುಬಿಟ್ಟರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅದು ನಾಲಿಗೆಯ ತುದಿಗೂ ಬಂತು. ಆದರೆ ಬಿಸಿಲಲ್ಲಿ ಬಾಡಿ ಬಂದ ಆ ಮುಖ ನೋಡಿಕೊಂಡು ಅಕ್ಷರಾಗೆ ಹಾಗೆ ಹೇಳಲಾಗಲಿಲ್ಲ.

"ಬನ್ನಿ ಅಮ್ಮ, ತೋರಿಸ್ತೀನಿ."

ಬೆಚ್ಚಗಿನ ಪೆಟ್ಟಿಗೆಯ ಗಾಜಿನ ಬಾಗಿಲಾಚೆ, ಪುಟ್ಟ ತಟ್ಟೆಯಲ್ಲಿ, ಕೋಟಿನ ಗುಂಡಿಯಷ್ಟಗಲದ ತಿಳಿ ಗುಮ್ಮಟ: ಮಾರಪ್ಪನವರ ಕಣ್ಣಿನ ಮುಂಭಾಗ. ಸಣ್ಣ ಕೊಳವೆಯೊಂದು ಅದರೊಳಕ್ಕೆ ನೀರು ಇಳಿಸುತ್ತಿತ್ತು. ಮೊದಲು ತಂದ ಕಣ್ಣುಗಳಲ್ಲಿ, ಅಂಚಿನಲ್ಲಿ ಸೋರಿದ್ದೂ ಲೆಕ್ಕಕ್ಕೆ ಸೇರಿ, ಒಳಗಿಂದ ಹರಿದುಹೋಗುವ ನೀರಿನ ಅಳತೆ ತಪ್ಪುತ್ತಿತ್ತು. ಕಣ್ಣೂ ಬೇಗ ಕೆಡುತ್ತಿತ್ತು. ಅಕ್ಷರಾ ಒದ್ದಾಡಿ ಒದ್ದಾಡಿ ಕಣ್ಣನ್ನು ಹಿಡಿದಿಡುವ ಉಂಗುರವನ್ನೇ ಬದಲಿಸಿದ್ದಳು. ಕಾಯಿಲೆಯ ಕಣ್ಣೊಂದು ಹೀಗೆ ಜೀವ ಹಿಡಿದು ನಿಂತದ್ದು ಇದೇ ಮೊದಲು. ಎಲ್ಲವನ್ನೂ ತಡವರಿಸುತ್ತ ಹೇಳಿದಳು. ಈ ಕಣ್ಣಿನಿಂದ ಇನ್ನು ಯಾರೂ ಏನನ್ನೂ ನೋಡುವುದಿಲ್ಲ ಎಂಬುದನ್ನೂ.

ಅಕ್ಷರಾ ಬೈಸಿಕೊಳ್ಳಲು ಸಿದ್ಧಳಾಗಿ ನಿಂತಳು. ವಾಪಸು ಕೇಳಿದರೆ ಕೊಟ್ಟೇಬಿಡುವುದೆಂದು ಮನಸ್ಸಿನಲ್ಲೇ ಅಂದುಕೊಂಡಳು.

"ನೋವಾಗುತ್ತಾ ಅದಕ್ಕೆ?" ಎಂದರು ದುರ್ಗಮ್ಮ.

"ಇಲ್ಲಮ್ಮ."

"ನೀರು ಹರೀತಿದ್ಯಾ?"

"ತುಂಬ ನಿಧಾನ. ಎಲ್ಲಿ ಕಟ್ಕೊಂಡಿದೆ ಅಂತ ಹುಡುಕ್ತಿದೀವಿ."

ದುರ್ಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಗಾಜಿನ ಹತ್ತಿರಕ್ಕೆ ಬಾಗಿದರು. "ಪಕ್ಕದಲ್ಲಿ ಬರೋರು ಕಾಣಲ್ಲ ಅಂತಿದ್ರು. ಹೋದಲ್ಲೆಲ್ಲ ವಯಸ್ಸಾಯ್ತು ಅಂತ ಕನ್ನಡಕ ಬದಲಾಯಿಸಿ ಕಳಿಸೋರು. ನಾನೂ ಹಂಗೇ ಅಂದ್ಕೊಂಡೆ."

ಆಮೇಲೆ ಅಕ್ಷರಾಳ ಕಡೆ ತಿರುಗಿದರು.

"ಇಟ್ಕೋಮ್ಮ. ಬದುಕಿದ್ದಾಗ ಆ ಕಣ್ಣನ್ನ ಯಾರೂ ಸರಿಯಾಗಿ ನೋಡ್ಲಿಲ್ಲ. ನೀನಾದ್ರೂ ನೋಡು."