ಇಳಿಸದ ಹೆದೆ

ಗೋಡೆಯ ಮೇಲಿನ ಬಿಲ್ಲನ್ನು ಕೆಳಗಿಳಿಸಿದರೆ ಅದರ ಹಿಂದೆ ಇನ್ನೊಂದು ಬಿಲ್ಲು ಕಾಣಿಸಿತು. ಇಪ್ಪತ್ತಾರು ವರ್ಷಗಳಲ್ಲಿ ಪಡಸಾಲೆಗೆ ಮೂರು ಸಲ ಬಣ್ಣ ಹೊಡೆಸಿದ್ದರು. ಮೂರು ಸಲವೂ ಬಿಲ್ಲಿನ ಸುತ್ತ ಬಳಿದು, ಅದರ ಅಡಿಯ ಹಳೇ ನೀಲಿಯನ್ನು ಬಿಲ್ಲಿನ ಆಕಾರದಲ್ಲೇ ಬಿಟ್ಟಿದ್ದರು. ಶಂಕ್ರಪ್ಪ ಮಾಸ್ತರರಿಗೆ ನಗು ಬಂತು.

“ಬಣ್ಣದವ್ರು ಇಷ್ಟ ಮೈಗಳ್ಳರೇನ? ಗೂಟದಿಂದ ತಗದು ಬಳ್ಯಾಕ ಆಗಿರಲಿಲ್ಲೇನ?”

“ನಾನಾ ಬ್ಯಾಡ ಅಂದಿದ್ದೆ,” ಎಂದರು ಗುರುಶಾಂತವ್ವ. ಮೊರದ ಅಕ್ಕಿಯಿಂದ ಕಣ್ಣು ಎತ್ತಲಿಲ್ಲ.

ಹೆಂಡತಿಯ ಮಾತನ್ನು ಪೂರ್ತಿ ಕೇಳುವ ಅಭ್ಯಾಸ ಮಾಸ್ತರರಿಗೆ ಎಂದೂ ಇರಲಿಲ್ಲ. ಬನವಾಸಿ ಕಡೆಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಿ.ಟಿ. ಮಾಸ್ತರಾಗಿ ಸೀಟಿ ಊದಿದವರು, ಮನೆಯಲ್ಲೂ ಊದುತ್ತಲೇ ಬದುಕಿದ್ದರು. ಈಗ ಅವರ ತಲೆಯಲ್ಲಿ ಇದ್ದದ್ದು ಒಂದೇ, ಬರುವ ಭಾನುವಾರ. ಶಿರಸಿಯಲ್ಲಿ ಅರವತ್ತು ದಾಟಿದವರಿಗೆ ಬಿದಿರು ಬಿಲ್ಲಿನ ಸ್ಪರ್ಧೆ ಇಟ್ಟಿದ್ದರು. ಹಿಂದೆ ಜೊತೆಗೆ ಹೊಡೆಯುತ್ತಿದ್ದ ರಘುಪತಿ ಫೋನು ಮಾಡಿದ್ದೇ ತಡ, ಮಾಸ್ತರರು ಹೆಸರು ಬರೆಸಿಬಿಟ್ಟಿದ್ದರು. ಇಪ್ಪತ್ತಾರು ವರ್ಷದ ಹಿಂದೆ ರಾಜ್ಯ ತಂಡದ ಆಯ್ಕೆಯಲ್ಲಿ ಮಾಸ್ತರರ ಕೊನೆಯ ಮೂರು ಬಾಣ ಮಣ್ಣು ಕಚ್ಚಿದ್ದನ್ನು ಕಣ್ಣಾರೆ ಕಂಡವರು ಈ ರಘುಪತಿ. ಅವರೆದುರಿಗೇ ಒಂದು ಸಲ ಗುರಿಯ ನಡುವಿನ ಹಳದಿಗೆ ಹೊಡೆದು ತೋರಿಸದಿದ್ದರೆ ಜೀವಕ್ಕೆ ಸಮಾಧಾನವಿರಲಿಲ್ಲ. “ಈ ಸಲ ನೀನೂ ಬಾ, ನೋಡೂವಂತಿ,” ಎಂದು ಹೆಂಡತಿಯನ್ನೂ ಕರೆದಿದ್ದರು. ಹಾಗೆ ಕರೆದದ್ದು ಅದೇ ಮೊದಲು.

ಬಿಲ್ಲಿಗೆ ಹೆದೆ ಏರಿಸಿಯೇ ಇತ್ತು. ಈ ವಯಸ್ಸಿನಲ್ಲಿ ಸೊಂಟ ಬಗ್ಗಿಸಿ ದಾರ ಏರಿಸುವ ಕಷ್ಟ ಉಳಿಯಿತು ಎಂದುಕೊಂಡು ಕಣಕ್ಕೆ ನಡೆದರು. ಹುಲ್ಲಿನ ಬಣವೆಗೆ ಗುರಿಯ ಕಾಗದ ಚುಚ್ಚಿದರು, ಅಳೆದು ಮೂವತ್ತು ಮೀಟರು ಹಿಂದೆ ಸರಿದು ನಿಂತರು. ಕಾಲಿನ ನಿಲುವು, ಉಸಿರು, ಗದ್ದಕ್ಕೆ ತಾಗುವ ಬೆರಳು, ಒಂದನ್ನೂ ದೇಹ ಮರೆತಿರಲಿಲ್ಲ. ಅವರಿಗೇ ಹೆಮ್ಮೆ ಅನಿಸಿತು.

ಮೊದಲ ಬಾಣ ಅರ್ಧ ದಾರಿಯಲ್ಲೇ ನೆಲಕ್ಕೆ ಬಿತ್ತು. ಎರಡನೆಯದೂ ಅಷ್ಟೇ. ಮೂರನೆಯದಕ್ಕೆ ಹಲ್ಲು ಕಚ್ಚಿ, ಹೆಗಲು ನೋಯುವ ತನಕ ಎಳೆದು ಬಿಟ್ಟರು. ಅದು ಇನ್ನೆರಡು ಮಾರು ಮುಂದೆ ಹೋಗಿ ಹುಲ್ಲಿನಲ್ಲಿ ಮಲಗಿತು.

ಗುರುಶಾಂತವ್ವ ಮೊರ ಹಿಡಿದು ಹಿತ್ತಿಲ ಕಟ್ಟೆಗೆ ಬಂದು ಕೂತಿದ್ದರು. ಮಾಸ್ತರರು ಅವರ ಪಕ್ಕ ಕುಸಿದರು.

“ತೋಳಿನಾಗ ಕಸುವು ಉಳದಿಲ್ಲ, ಗುರುಶಾಂತಾ.”

“ತೋಳಿಂದಲ್ರಿ. ಬಿಲ್ಲಿನ ಕಸುವು ಹೋಗೇತಿ. ಅದರ ಹೆದಿ ಇಳಿಸಿ ಇಪ್ಪತ್ತಾರು ವರ್ಷ ಆತು.”

ಮಾಸ್ತರರು ಬಿಲ್ಲಿನತ್ತ ನೋಡಿದರು. ಬಾಣ ಹೊಡೆದಾದ ಮೇಲೆ ಹೆದೆ ಇಳಿಸಲೇಬೇಕು, ಇಲ್ಲದಿದ್ದರೆ ಬಿದಿರಿಗೆ ಬಗ್ಗಿರುವುದೇ ರೂಢಿಯಾಗಿ ಬಲ ಹೋಗುತ್ತದೆ. ಇದು ಗೊತ್ತಿಲ್ಲದ ವಿಷಯವೇನಲ್ಲ. ಅವರೇ ಇದನ್ನು ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಕಲಿಸಿದ್ದರು. ಪ್ರತಿ ಸಂಜೆ ಹೆದೆ ಇಳಿಸುವುದು, ಅದಕ್ಕೆ ಜೇನುಮೇಣ ಹಚ್ಚುವುದು ಗುರುಶಾಂತವ್ವನ ಕೆಲಸವೇ ಆಗಿತ್ತು.

“ಗೊತ್ತಿದ್ದೂ ಸುಮ್ನ ಕುಂತಿಯಲ್ಲ! ಒಂದಿನ ತಗದು ಇಳಿಸಿದ್ದರ ನಿನ್ನ ಗಂಟು ಹೋಗತಿತ್ತೇನ?” ಎಂದು ದನಿ ಏರಿಸಿದರು.

“ಮುಟ್ಟಿದ್ರ ಕೈ ಮುರಿತೀನಿ ಅಂದಿದ್ರಿ.”

ಅಂದು ಸೋತು ಬಂದವರೇ ಹೊಸ್ತಿಲಲ್ಲಿ ನಿಂತು ಅಬ್ಬರಿಸಿದ್ದು ಮಾಸ್ತರರಿಗೆ ನೆನಪಾಯಿತು. ನೀನು ಮೇಣ ನೆಟ್ಟಗೆ ಹಚ್ಚಲಿಲ್ಲ, ಅದಕ್ಕೇ ಬಾಣ ತಪ್ಪಿತು ಎಂದಿದ್ದರು. ಹೆದೆ ಇಳಿಸಲು ಕೈ ಚಾಚಿದವಳನ್ನು ದೂಡಿ, ಬಿಲ್ಲನ್ನು ಹಾಗೇ ಗೂಟಕ್ಕೆ ಸಿಕ್ಕಿಸಿದ್ದರು. ಸಿಕ್ಕವರಿಗೆಲ್ಲ ಅದೇ ಕತೆ ಹೇಳಿದ್ದರು. ನೆಂಟರ ಮದುವೆಗಳಲ್ಲಿ ಗುರುಶಾಂತವ್ವ ಎದುರಿಗೇ ಕೂತಿರುವಾಗಲೂ ಹೇಳಿ ನಗಿಸಿದ್ದರು. ಆಮೇಲಾಮೇಲೆ ತಾವೇ ಅದನ್ನು ನಂಬಿದ್ದರು.

ಹೆದೆಯ ಮೇಲೆ ಬೆರಳಾಡಿಸುತ್ತ ಹೇಳಿದರು. “ಅವತ್ತ ತಪ್ಪಿದ್ದು ಮೇಣದಿಂದಲ್ಲ. ನನ್ನ ಕೈ ನಡಗಿತ್ತು.”

“ಗೊತ್ತೈತ್ರಿ.”

“ಯಾರು ಹೇಳಿದ್ರು? ರಘುಪತಿನಾ?”

“ಯಾರೂ ಹೇಳಿಲ್ಲ. ಮೇಣ ಹಚ್ಚಿದಾಕಿ ನಾನಾ ಅಲ್ಲೇನ್ರಿ?”

ಗುರುಶಾಂತವ್ವ ಅಕ್ಕಿಯಲ್ಲಿದ್ದ ಒಂದು ಕಲ್ಲನ್ನು ಆರಿಸಿ ಅಂಗಳಕ್ಕೆ ಎಸೆದರು. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಮಾಸ್ತರರಿಗೆ ಎಷ್ಟೋ ಹಗುರವಾಗುತ್ತಿತ್ತು. ಸಿಟ್ಟಿಗೆ ಸಿಟ್ಟು ಮಾಡುವುದು ಅವರಿಗೆ ಗೊತ್ತಿತ್ತು, ಇದಕ್ಕೆ ಏನು ಮಾಡಬೇಕೋ ತಿಳಿಯಲಿಲ್ಲ. ಬಿಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಹೆಂಡತಿಯ ಮುಂದೆ ಚಾಚಿದರು.

“ನೀನಾ ಇಳಸು.”

ಗುರುಶಾಂತವ್ವ ಮೊರ ಕೆಳಗಿಟ್ಟರು. ಸೆರಗಿಗೆ ಕೈ ಒರೆಸಿಕೊಂಡರು. ಆದರೂ ಕೈ ಚಾಚಲಿಲ್ಲ.

“ಮುಟ್ಟಲೇನ್ರಿ?”

ಮಾಸ್ತರರು ಹೂಂ ಎಂದು ತಲೆಯಾಡಿಸಿದರು. ಗುರುಶಾಂತವ್ವ ಎದ್ದು ಬಿಲ್ಲಿನ ತುದಿಯನ್ನು ಪಾದಕ್ಕೆ ಒತ್ತಿ, ನಡುವನ್ನು ಮೊಣಕಾಲಿಗೆ ಆನಿಸಿ, ನಿನ್ನೆ ಸಂಜೆಯಷ್ಟೇ ಮಾಡಿದ್ದ ಕೆಲಸದ ಹಾಗೆ ಮೇಲಿನ ಕುಣಿಕೆಯನ್ನು ಹೆಬ್ಬೆರಳಿನಿಂದ ಜಾರಿಸಿದರು. ಹೆದೆ ಸಡಿಲವಾಗಿ ಅವರ ಕಾಲ ಬಳಿ ಬಿತ್ತು.

ಬಿಲ್ಲು ಮಾತ್ರ ಬಗ್ಗಿದಂತೆಯೇ ಇತ್ತು.