ಹಳದಿ ವೇಲು

"ಬ್ಯಾಡ ಕಣ್ಲಾ, ಬಂದ ದಿನವೇ ಜೊತೆಗೆ ಬಿಡಬ್ಯಾಡ," ಎಂದು ಬೆಟ್ಟಮ್ಮ ಮಗ ಶಶಿಕುಮಾರನ ಕೈ ತಡೆದರು. ಹಾಸನದಿಂದ ತಂದ ಹೊಸ ಲವ್ ಬರ್ಡನ್ನು ಅವನು ಹಳೆಯದರ ಪಂಜರಕ್ಕೆ ಬಿಡುವುದರಲ್ಲಿದ್ದ. ಹಳೆಯ ಹಕ್ಕಿ ಸರಳಿಗೆ ಕೊಕ್ಕು ಬಡಿಯುತ್ತಿತ್ತು. "ಇದ್ದ ಜಾಗ ಬಿಟ್ಟು ಬಂದದೆ, ಎದ್ರುಕಂಡದೆ. ಬ್ಯಾರೆ ಪಂಜರದಲ್ಲಿಡು. ಹದಿನೈದು ದಿನ ಯಾರೂ ಅದರ ತಂಟೆಗೆ ಓಗ್ಬ್ಯಾಡಿ. ಭವ್ಯಾ, ಮ್ಯಾಲೆ ಮುಚ್ಚಕ್ಕೆ ಒಂದು ಮೆತ್ತನೆ ಬಟ್ಟೆ ತಾರವ್ವ."

ಮದುವೆಯಾಗಿ ಹನ್ನೊಂದು ದಿನವಾಗಿದ್ದ ಸೊಸೆ ಭವ್ಯಶ್ರೀ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಮನೆ ತುಂಬಿಸಿಕೊಂಡ ಮರುದಿನವೇ ಇಪ್ಪತ್ತು ಮಂದಿ ನೆಂಟರಿಗೆ ಬಿಸಿ ಮುದ್ದೆ ಕಟ್ಟಿದಾಗ ಅಂಗೈಯಲ್ಲಿ ಎದ್ದ ಬೊಬ್ಬೆ ಇನ್ನೂ ಮಾಯ್ದಿರಲಿಲ್ಲ. ಹೆಬ್ಬೆರಳಿನಿಂದ ಅದನ್ನು ಒತ್ತಿ ನೋಡಿದಳು. ಮೇಲಿನ ಚರ್ಮ ದಡ್ಡುಗಟ್ಟಿತ್ತು; ನೋವೇ ಆಗಲಿಲ್ಲ. ಕೋಣೆಗೆ ಹೋಗಿ, ಸೂಟ್‌ಕೇಸಿನ ತಳದಲ್ಲಿದ್ದ ತನ್ನ ಹಳದಿ ವೇಲನ್ನು ತಂದು ಕೈ ಚಾಚಿದಳು.

"ಒಸಾ ವೇಲು ಕಣವ್ವ ಇದು. ಅಳೇ ಬಟ್ಟೆ ಸಿಗ್ನಿಲ್ವಾ?"

"ಇಲ್ಲಿ ಚೂಡಿದಾರ ಹಾಕ್ಬಾರ್ದು ಅಂದ್ರಲ್ಲ ಅತ್ತೆ. ಅದಾದ್ರೂ ಹೊದ್ಕೊಳ್ಳಲಿ."

ವೇಲನ್ನು ತೆಗೆದುಕೊಂಡ ಬೆಟ್ಟಮ್ಮನ ಕಣ್ಣು, ಇನ್ನೂ ಚಾಚಿಕೊಂಡೇ ಇದ್ದ ಆ ಅಂಗೈಯ ಮೇಲೆ ನಿಂತಿತು.